ಸಾವಿನ ಬೀದಿಯಲ್ಲಿ ಒಗ್ಗರಣೆಯ ಸದ್ದು

ಮಹದೇವನ ಅಪ್ಪ ತೀರಿಕೊಂಡ ಸುದ್ದಿ ಬೆಳಿಗ್ಗೆ ಬಂತು. ಕೆ.ಆರ್. ನಗರದಿಂದ ಹೊರಟು, ಹಂಪಾಪುರ ದಾಟಿ, ಅವನ ಊರು ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು.

ಮಹದೇವ ನನ್ನ ಆಫೀಸಿನವನು. ಅವನ ಕೈ ಹಿಡಿದುಕೊಂಡೆ, ಬಿಟ್ಟೆ. ಸಾವಿನ ಮನೆಯಲ್ಲಿ ಅದರ ನಂತರ ಏನು ಮಾಡಬೇಕೆಂದು ನನಗೆ ಈ ವಯಸ್ಸಿಗೂ ತಿಳಿದಿಲ್ಲ.

ಎದುರಿಗೇ ಸರ್ಕಾರಿ ಪ್ರಾಥಮಿಕ ಶಾಲೆ. ಅದರ ಕಾಂಪೌಂಡಿಗೆ ಒರಗಿ ನಿಂತೆ.

ಅವನ ತಂಗಿ ಮಾನಂದವಾಡಿಯಿಂದ ಬರಬೇಕಿತ್ತು. ಅವಳು ಬರುವವರೆಗೆ ಹೆಣ ಎತ್ತುವಂತಿಲ್ಲ. ಹೆಣ ಎತ್ತುವವರೆಗೆ ಆ ಬೀದಿಯಲ್ಲಿ ಯಾರೂ ಒಲೆ ಹಚ್ಚುವಂತಿಲ್ಲ.

ಊರೆಂದರೆ ಅದೊಂದೇ ಬೀದಿ.

ಸಾವಿನ ಮನೆಯ ಬಾಗಿಲ ಮುಂದೆ ಕೊರಡೊಂದು ಹೊಗೆಯಾಡುತ್ತಿತ್ತು. ಊರಿಗೆಲ್ಲ ಬೆಂಕಿ ಎಂದರೆ ಅಷ್ಟೇ.

ಶಾಲೆಯ ಅಡುಗೆ ಕೋಣೆಯ ಮುಂದೆ ಹೆಡ್ ಮೇಡಂ ಮತ್ತು ಅಡುಗೆಯ ಸಾಕಮ್ಮ ತಗ್ಗಿದ ದನಿಯಲ್ಲಿ ಜಗಳವಾಡುತ್ತಿದ್ದರು. ಅಕ್ಕಿ ತೊಳೆದಾಗಿತ್ತು, ತರಕಾರಿ ಹೆಚ್ಚಿಯಾಗಿತ್ತು. ಗ್ಯಾಸ್ ಮಾತ್ರ ಹಚ್ಚಿರಲಿಲ್ಲ. ಬೆಳಗಿನ ಹಾಲೂ ಕಾದಿರಲಿಲ್ಲ.

"ಮೇಡಂ, ನೀವು ಸಂಜೆ ಬಸ್ ಅತ್ಕೊಂಡು ಉಣಸೂರ್ಗೆ ಓಯ್ತೀರ. ನಾನು ಇಲ್ಲೇ ಇರ್ಬೇಕು ಕಣ್ರೀ. ನಾಳೆ ನನ್ನ ಯಾರು ಮಾತಾಡ್ಸ್ತಾರೆ?"

"ರಜಾ ಕೊಟ್ಬಿಡಿ ಮೇಡಂ," ಎಂದರು ಅಲ್ಲಿದ್ದ ಯಾರೋ.

"ಕೊಟ್ರೆ ಮಕ್ಳು ಎಲ್ಲಿಗೆ ಹೋಗ್ತಾವೆ? ಅವರ ಮನೆಗೆ ತಾನೆ? ಅಲ್ಲೇನಿದೆ?"

ಆಗ ನನಗೆ ವಿಷಯ ಹೊಳೆಯಿತು. ಬೆಳಗಿನಿಂದ ಯಾವ ಮನೆಯಲ್ಲೂ ಒಲೆ ಉರಿದಿಲ್ಲ. ರಾತ್ರಿಯ ಮುದ್ದೆ ಉಳಿದಿದ್ದ ಮನೆಯ ಮಕ್ಕಳು ಅದನ್ನು ತಿಂದು ಬಂದಿದ್ದವು. ಉಳಿದವು ಬರಿಹೊಟ್ಟೆಯಲ್ಲಿ ಬಂದಿದ್ದವು.

ಅರಳಿಕಟ್ಟೆಯ ಮೇಲಿದ್ದ ಹಿರಿಯರಿಗೂ ಈ ಜಗಳದ ಸುದ್ದಿ ಮುಟ್ಟಿತು.

"ಗ್ಯಾಸು ಒಲೆನೇ ಅಲ್ಲ ಕಣ್ಲಾ. ಹೊಗೆ ಎಲ್ಲದೆ ಅದ್ರಲ್ಲಿ?"

"ಬೆಂಕಿ ಬೆಂಕಿನೇ, ಬುಡು."

"ಅಂಗಾರೆ ನಿನ್ ಬಾಯಲ್ಲಿ ಇರೋದೇನ್ಲಾ?"

ಬೆಂಕಿ ಬೆಂಕಿನೇ ಎಂದವರು ಬಾಯಲ್ಲಿದ್ದ ಬೀಡಿಯನ್ನು ತೆಗೆದು ನೋಡಿಕೊಂಡರು. ಕೊನೆಯದಾಗಿ ಒಂದು ದಮ್ಮು ಎಳೆದು ಆರಿಸಿದರು.

ಅಲ್ಲೇ ಒಂದು ರಾಜಿಯೂ ಆಯಿತು. ಗ್ಯಾಸ್ ಹಚ್ಚಲಿ, ಬರೀ ಬೇಯಿಸಿ ಇಳಿಸಲಿ. ಒಗ್ಗರಣೆ ಮಾತ್ರ ಬೇಡ. ಸೂತಕದ ಅಡುಗೆಗೆ ಒಗ್ಗರಣೆ ಇಲ್ಲ. ಅದರ ವಾಸನೆ ಹೆಣದ ಮುಂದೆ ಸುಳಿಯಬಾರದು.

ಆದರೆ ಸಾವಿನ ಮನೆಯವರ ಒಪ್ಪಿಗೆ ಬೇಕು. ಕೇಳುವವರು ಯಾರು?

ಮೇಡಂ ಚಪ್ಪಲಿ ಬಿಟ್ಟು ಹೊರಟರು. ಹಿಂದೆ ಸಾಕಮ್ಮ. ಯಾಕೋ ನಾನೂ ಬಾಗಿಲವರೆಗೆ ಹೋದೆ.

ಮಹದೇವನ ತಾಯಿ ಚಿಕ್ಕತಾಯಮ್ಮ ಗಂಡನ ತಲೆಯ ಬಳಿ ಕೂತಿದ್ದರು. ಮಹದೇವನ ತಮ್ಮನ ಮಗಳು, ಎರಡನೇ ಕ್ಲಾಸಿನವಳು, ಅಜ್ಜಿಯ ತೊಡೆಗೆ ಅಂಟಿಕೊಂಡಿದ್ದಳು. ಮೇಡಂ ಪಕ್ಕದಲ್ಲಿ ಕೂತರು.

ತಾಯಿಯೇ ತಲೆ ಎತ್ತಿದರು.

"ಮಕ್ಳು ಉಂಡ್ವಾ ಮೇಡಂ?"

ಮೇಡಂ ಇಲ್ಲವೆಂದು ತಲೆಯಾಡಿಸಿದರು.

"ಯಾಕವ್ವ?"

ಚಿಕ್ಕತಾಯಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದರು. ಕೊನೆಗೆ ಬಾಗಿಲಲ್ಲಿ ಬಾಯಿಗೆ ಸೆರಗು ಒತ್ತಿ ನಿಂತಿದ್ದ ಸಾಕಮ್ಮನನ್ನು.

"ಒಲೆ ಹಚ್ಚು ಓಗವ್ವ."

"ಒಗ್ಗರಣೆ ಆಕಕಿಲ್ಲ ಕಣತ್ತೆ. ಬರೀ ಬೇಯ್ಸಿ ಇಕ್ತೀನಿ."

"ಸಪ್ಪೆ ಸಾರ ಯಾವ್ ಮಕ್ಳು ಉಣ್ತಾವ್ಲೇ?"

"ಅತ್ತಿಗೆ, ಮುಂದೆ ಹೆಣ ಮಡಿಕ್ಕೊಂಡು..." ಎಂದು ಅಲ್ಲೇ ನಿಂತಿದ್ದ ಮೈದುನ ಶುರು ಮಾಡಿದ.

"ಈ ಅಯ್ಯನೇ ಸಪ್ಪೆ ಇಕ್ಕುದ್ರೆ ತಟ್ಟೆ ತಳ್ತಿದ್ದ, ಕಂಡಿಲ್ವಾ ನೀನು? ಬೆಳ್ಳುಳ್ಳಿ ಜಾಸ್ತಿ ಆಕು ಓಗವ್ವ."

ಗಂಡನ ಮೇಲೆ ಆ ಕ್ಷಣಕ್ಕೆ ಅವರಿಗೆ ನಿಜವಾಗಿ ಕೋಪ ಬಂದಿತ್ತು. ಅದೇ ಉಸಿರಿನಲ್ಲಿ ಅಳು.

ನಾನು ಮತ್ತೆ ಕಾಂಪೌಂಡಿನ ಬಳಿಗೆ ಬಂದೆ.

ಗ್ಯಾಸ್ ಹಚ್ಚಿದ್ದು ಕೇಳಿಸಲಿಲ್ಲ. ಬೇಳೆ ಬೆಂದದ್ದೂ ತಿಳಿಯಲಿಲ್ಲ. ಕಟ್ಟೆಯ ಮೇಲಿನ ಯಾರೂ ಶಾಲೆಯ ಕಡೆ ನೋಡುತ್ತಿಲ್ಲ, ಆದರೆ ಎಲ್ಲರ ಕಿವಿಯೂ ಅಲ್ಲೇ ಇದೆ.

ಆಮೇಲೆ ಸಾಸಿವೆ ಸಿಡಿಯಿತು.

ಎಣ್ಣೆಯ ಆ ಚುಂಯ್ ಸದ್ದನ್ನು ನನ್ನ ಮನೆಯಲ್ಲಿ ದಿನವೂ ಕೇಳುತ್ತೇನೆ. ಅಂದರೆ, ಕಿವಿಗೆ ಬೀಳುತ್ತದೆ, ಕೇಳುವುದಿಲ್ಲ. ಇಲ್ಲಿ ಅದು ಬೀದಿಯ ಈ ತುದಿಯಿಂದ ಆ ತುದಿಗೆ ಹೋಯಿತು. ಹಿಂದೆಯೇ ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಘಾಟು. ಅದು ಹೊಗೆಯಾಡುವ ಕೊರಡನ್ನು ದಾಟಿ ಒಳಗೆ ನುಗ್ಗಿತು.

ಸಾವಿನ ಮನೆಯಲ್ಲಿ ಯಾರೋ ಸೀನಿದರು. ಅಳು ನಿಂತಿತು. ಆಮೇಲೆ ಮತ್ತೆ ಶುರುವಾಯಿತು.

ಮಕ್ಕಳು ತಟ್ಟೆ ಹಿಡಿದು ಜಗಲಿಯಲ್ಲಿ ಸಾಲಾಗಿ ಕೂರುತ್ತಿವೆ. ಎದುರು ಮನೆಯ ಬಾಗಿಲಿನಿಂದ ಆ ಮೊಮ್ಮಗಳು ಸ್ಟೀಲ್ ತಟ್ಟೆಯೊಂದನ್ನು ಎದೆಗವಚಿ ಬರುತ್ತಾಳೆ. ಅಜ್ಜಿಯೇ ಕಳಿಸಿದ್ದು.

ಸೂತಕದ ಮನೆಯ ಮಗು, ಬೇರೆಯವರ ಸಾಲಿನಲ್ಲಿ ಕೂತು ಉಣ್ಣುವಂತಿಲ್ಲ. ಬೇರೆ ದಿನವಾಗಿದ್ದರೆ ಊರು ಏನನ್ನುತ್ತಿತ್ತೋ. ಸಾಲಿನಲ್ಲಿದ್ದ ಇಬ್ಬರು ಹುಡುಗಿಯರು ಆಚೀಚೆ ಸರಿದು ಜಾಗ ಮಾಡುತ್ತಾರೆ. ಸಾಕಮ್ಮ ಬಗ್ಗಿ ಎಲ್ಲರಿಗೂ ಇಕ್ಕಿದ ಹಾಗೆಯೇ ಅವಳಿಗೂ ಅನ್ನ ಇಕ್ಕುತ್ತಾಳೆ, ಸಾರು ಬಿಡುತ್ತಾಳೆ, ಮೊಟ್ಟೆ ಇಡುತ್ತಾಳೆ.

ಮಗು ಮೊದಲು ಮೊಟ್ಟೆ ತಿಂದಿತು.

ಬಿಸಿಯೂಟ ಎಂಬ ಪದವನ್ನು ಪೇಪರಿನಲ್ಲಿ ಎಷ್ಟೋ ವರ್ಷಗಳಿಂದ ಓದುತ್ತಿದ್ದೇನೆ. ಅದರಲ್ಲಿ ಬೆಂಕಿ ಇದೆ, ಅದನ್ನು ದಿನಾ ಯಾರೋ ಹಚ್ಚಬೇಕು ಎಂದು ನನಗೆ ಒಮ್ಮೆಯೂ ಅನಿಸಿರಲಿಲ್ಲ.

ಮಾನಂದವಾಡಿಯಿಂದ ಮಗಳು ಬಂದಳು. ಹೆಣ ಎತ್ತಿದರು. ಮಕ್ಕಳು ಕೈ ತೊಳೆದು, ಒದ್ದೆ ಕೈಯಲ್ಲೇ ಕಾಂಪೌಂಡಿನ ಒಳಗೆ ಸಾಲಾಗಿ ನಿಂತಿದ್ದವು. ಯಾರೂ ನಿಲ್ಲಲು ಹೇಳಿರಲಿಲ್ಲ.

ವಾಪಸ್ ಬರುವಾಗ ನನ್ನ ಶರ್ಟಿನಲ್ಲಿ ಎರಡು ವಾಸನೆ ಇದ್ದವು, ಊದುಬತ್ತಿಯದು ಮತ್ತು ಬೆಳ್ಳುಳ್ಳಿಯದು. ಯಾವುದು ಮೊದಲು ಹೋಯಿತೋ ಗೊತ್ತಾಗಲಿಲ್ಲ.

ನಿಮ್ಮೂರಿನಲ್ಲಿ ಇಂಥ ದಿನ ಬಂದರೆ, "ಮಕ್ಳು ಉಂಡ್ವಾ" ಎಂದು ಮೊದಲು ಕೇಳುವವರು ಯಾರು?