ನನ್ನ ನರ್ಸರಿಯ ಪರವಾನಗಿ

ಟೊಮೆಟೊ ಸಸಿ ಟ್ರೇಯಲ್ಲಿ ಇಪ್ಪತ್ತೈದು ದಿನ ಇರುತ್ತದೆ, ಹೆಚ್ಚೆಂದರೆ ಇನ್ನೊಂದು ವಾರ. ಆಮೇಲೆ ಕಾಂಡ ಉದ್ದಕ್ಕೆ ಎಳೆದುಕೊಂಡು, ಬೇರು ಸುತ್ತಿಕೊಂಡು, ಯಾರಿಗೂ ಬೇಡವಾಗುತ್ತದೆ. ತೋಟಗಾರಿಕೆ ಕಚೇರಿಯವರಿಗೆ ಇದನ್ನು ಅರ್ಥ ಮಾಡಿಸಲು ನನ್ನಿಂದ ಆಗಲೇ ಇಲ್ಲ.

ಮಧುಗಿರಿಯಿಂದ ಕೊರಟಗೆರೆಗೆ ಹೋಗುವ ರಸ್ತೆಯ ಪಕ್ಕ ನಮ್ಮ ಜಮೀನು. ಅದರ ಒಂದು ಮೂಲೆಯಲ್ಲಿ ಹಸಿರು ಬಲೆ ಕಟ್ಟಿ ಸಸಿ ಬೆಳೆಸಲು ಶುರು ಮಾಡಿದವಳು ನಾನು. ಬೀಜ ಊರುವುದು, ನೀರು ಹಿಡಿಯುವುದು, ರೋಗ ಬಂದ ಟ್ರೇ ಬೇರೆ ಇಡುವುದು, ಎಲ್ಲ ನನ್ನದೇ. ಗಂಡನಿಗೆ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ. ಮೆಣಸಿನ ಸಸಿಗೂ ಬದನೆ ಸಸಿಗೂ ವ್ಯತ್ಯಾಸ ಗೊತ್ತಿಲ್ಲ. ಗೊತ್ತಿದೆಯೆಂದು ಹೇಳಿಕೊಳ್ಳುವುದೂ ಇಲ್ಲ, ಪುಣ್ಯಾತ್ಮ. ಪಾವಗಡದ ಕಡೆಯಿಂದಲೂ ರೈತರು ಬಂದು ಸಸಿ ಒಯ್ಯುತ್ತಿದ್ದರು.

ಆ ವರ್ಷ ಶಿರಾ ಕಡೆಯ ತರಕಾರಿ ಬೆಳೆಗಾರರ ಗುಂಪೊಂದು ಸೀಸನ್ನಿನ ಸಸಿಯನ್ನೆಲ್ಲ ನನ್ನಿಂದಲೇ ಕೊಳ್ಳಲು ಒಪ್ಪಿತು. ಒಂದೇ ಷರತ್ತು: ನರ್ಸರಿಗೆ ಪರವಾನಗಿ ಇರಬೇಕು, ಪರವಾನಗಿ ಯಾರ ಹೆಸರಲ್ಲಿದೆಯೋ ಅವರ ಜೊತೆಗೇ ಒಪ್ಪಂದ. ನನ್ನ ಕೆಲಸಕ್ಕಾಗಿ ನನ್ನ ಹೆಸರು ಒಂದು ಕಾಗದದ ಮೇಲೆ ಬರುತ್ತದಲ್ಲ ಎಂದು ಹಿಗ್ಗಿದೆ. ಜಮೀನಿನ ಪಹಣಿ ಮಾವನ ಹೆಸರಲ್ಲಿತ್ತು. ಅವರ ಒಪ್ಪಿಗೆ ಸಾಕು ಎಂದು ಕಚೇರಿಯವರು ಹೇಳಿದ್ದರು. ಮಾವ ಒಳ್ಳೆಯವರು. ಕೇಳಿದ ತಕ್ಷಣ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟರು.

ಕಚೇರಿಯಲ್ಲಿ ಅಧಿಕಾರಿಯ ಮೇಜಿನ ಮುಂದೆ ಇದ್ದದ್ದು ಒಂದೇ ಕುರ್ಚಿ. ಅದನ್ನು ಮಾವನತ್ತ ಎಳೆದು ನಾನು ಹಿಂದೆ ನಿಂತೆ. ಮಾವನ ಎದುರು ಯಾವತ್ತೂ ಕುಳಿತವಳಲ್ಲ. ಯೋಚಿಸಿ ಮಾಡಿದ್ದೂ ಅಲ್ಲ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೇ ನನಗೆ ಮೈ ಉರಿಯುತ್ತದೆ.

ಅಧಿಕಾರಿ ಕುಳಿತವರನ್ನು ಕೇಳಿದರು. ಎಷ್ಟು ಗುಂಟೆ, ಬೋರ್‌ವೆಲ್ ಇದೆಯಾ. ಮಾವ ಹೇಳಿದರು. ಎಷ್ಟು ಟ್ರೇ ಎಂದಾಗ ತಿರುಗಿ ನನ್ನ ಮುಖ ನೋಡಿದರು. ನಾನು ಹೇಳಿದೆ, ಅವರು ಅದನ್ನೇ ಇನ್ನೊಮ್ಮೆ ಹೇಳಿದರು, ಅಧಿಕಾರಿ ಅವರ ಬಾಯಿಂದ ಬಂದದ್ದನ್ನು ಬರೆದುಕೊಂಡರು. ಅರ್ಜಿ ಅಚ್ಚಾಗಿ ಬಂದಾಗ ಅರ್ಜಿದಾರರ ಜಾಗದಲ್ಲಿ ಮಾವನ ಹೆಸರಿತ್ತು.

"ಸಾರ್, ನರ್ಸರಿ ನಂದು," ಎಂದೆ.

"ಜಮೀನು ಇವರದು ತಾನೇ? ಹೀಗೇ ಸಲೀಸು. ಬದಲಾಯಿಸಬೇಕಂದ್ರೆ ಮತ್ತೆ ಮೊದಲಿಂದ ಬರಬೇಕು, ಒಂದು ತಿಂಗಳಾಗುತ್ತೆ."

ಮಾವ ಸಮಾಧಾನ ಮಾಡಿದರು. "ನನ್ ಹೆಸ್ರಾದ್ರೇನು, ನಿನ್ ಹೆಸ್ರಾದ್ರೇನು ಬುಡಮ್ಮ. ಎಲ್ಲಾ ಒಂದೇ ಮನೇದಲ್ವಾ."

"ಅಂಗಾದ್ರೆ ನಂದೇ ಇರ್ಲಿ ಬುಡಿ ಮಾವ."

ಇಬ್ಬರೂ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಸಸಿಗೆ ಆಗಲೇ ಹದಿನೆಂಟು ದಿನ. ತಿಂಗಳು ಕಾದರೆ ಅಷ್ಟೂ ತಿಪ್ಪೆಗೆ. ಅಧಿಕಾರಿ ಕಾಗದದ ಕೆಳಗಿನ ಗೆರೆ ತೋರಿಸಿ, "ನಿಮಗೆ ಓದು ಬರಹ ಬರುತ್ತಲ್ಲಮ್ಮ, ಸಾಕ್ಷಿ ಅಂತ ಇಲ್ಲಿ ಸೈನ್ ಮಾಡಿ," ಎಂದರು. ನನ್ನ ನರ್ಸರಿಗೆ ನಾನೇ ಸಾಕ್ಷಿ. ಮಾಡಿದೆ. ಬಸ್ ಸ್ಟ್ಯಾಂಡಿನಲ್ಲಿ ಮಾವ ಬಿಸಿ ಬೋಂಡ ಕೊಡಿಸಿದರು. ಅವರ ಮೇಲೆ ನೆಟ್ಟಗೆ ಸಿಟ್ಟು ಮಾಡಿಕೊಳ್ಳಲೂ ಬಿಡಲಿಲ್ಲ.

ವಾರದೊಳಗೆ ಪರವಾನಗಿ ಬಂತು. ಒಪ್ಪಂದಕ್ಕೆ ಬಂದ ಶಿರಾದವರು ಅದನ್ನು ಓದಿ, ನನ್ನನ್ನೊಮ್ಮೆ ನೋಡಿ, ಮಾವನ ಹೆಸರಿನ ಮೇಲೆ ಬೆರಳಿಟ್ಟು, "ಇವರನ್ನ ಕರೀರಿ," ಎಂದರು. ಕರೆದೆ. ಮಾವ ಪಂಚೆ ಸರಿಮಾಡಿಕೊಳ್ಳುತ್ತಾ ಬಂದು, ನನ್ನ ಪಕ್ಕ ನಿಂತು, ಮೆಲ್ಲಗೆ ಕೇಳಿದರು:

"ತಳಿ ಯಾವ್ದು ಅಂತ ಕೇಳುದ್ರೆ ಏನ್ ಹೇಳ್ಲಮ್ಮ?"