ಅಪ್ಪ ಬೆರೆಸಿದ ಬೂದು ಬಣ್ಣ

ಪೇಟೆಯ ಫೋಟೋ ಸ್ಟುಡಿಯೋ ಮುಚ್ಚಿದ ಮೇಲೆ ಅಲ್ಲಿ ಕೆಲಸಕ್ಕಿದ್ದ ದೊಡ್ಡ ಮಗಳು ಮನೆಯಲ್ಲಿ ಯಾರ ಜೊತೆಗೂ ಮುಖ ಕೊಟ್ಟು ಮಾತಾಡಲಿಲ್ಲ. ಅವಳಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಓದು ಅರ್ಧಕ್ಕೆ ಬಿಟ್ಟು ಅಲ್ಲಿಗೆ ಸೇರಿದವಳು, ಕೂತವರ ಗಲ್ಲ ಎತ್ತಿಸುವುದು, ಕಾಲರ್ ನೆಟ್ಟಗೆ ಮಾಡುವುದು, ಅಳುವ ಮಗುವನ್ನು ಕ್ಯಾಮೆರಾ ಕಡೆ ತಿರುಗಿಸುವುದು, ಇದರಲ್ಲೇ ಬೆಳೆದಿದ್ದಳು. ಮಾಲೀಕರು ಹೊರಡುವಾಗ ಹಳೆಯ ಕ್ಯಾಮೆರಾವನ್ನು ಅವಳ ಕೈಗಿಟ್ಟು ಹೋಗಿದ್ದರು. ಅದು ಬಟ್ಟೆ ಸುತ್ತಿಕೊಂಡು ಬೀರುವಿನಲ್ಲಿ ಕೂತಿತ್ತು.

ಆ ಮನೆಯಲ್ಲಿ ಕೈ ಕಟ್ಟಿ ಕೂರುವವರು ಯಾರೂ ಇರಲಿಲ್ಲ. ಅಮ್ಮ ಬಟ್ಟೆ ಹೊಲಿಯುತ್ತಿದ್ದಳು, ತಮ್ಮ ವೈರಿಂಗ್ ಕೆಲಸಕ್ಕೆ ಹೋಗುತ್ತಿದ್ದ, ಅಪ್ಪ ಪೇಂಟರ್.

"ಊರವರ ಮನೆಯೆಲ್ಲ ಚೆಂದ ಮಾಡಿಕೊಡ್ತೀವಿ, ನಮ್ಮ ಹುಡುಗಿಗೊಂದು ಫೋಟೋ ತೆಗೆಯೋ ರೂಮು ಮಾಡೋಕಾಗಲ್ವಾ?" ಎಂದು ಒಂದು ಬೆಳಿಗ್ಗೆ ಅಪ್ಪನೇ ಬೀದಿ ಕಡೆಯ ಕೋಣೆಯಿಂದ ತನ್ನ ಏಣಿ, ಡಬ್ಬ, ಬ್ರಷ್ಷುಗಳನ್ನು ಹೊರಗೆ ಸಾಗಿಸಿದ. ತಮ್ಮ ಗೋಡೆ ಕೊರೆದು ಹೊಸ ತಂತಿ ಎಳೆದ. ಅಮ್ಮ ಕಿಟಕಿಗೆ ಎರಡು ಪದರದ ಪರದೆ ಹೊಲಿದಳು. ದೊಡ್ಡವಳು ಕೇಳಿದ್ದು ಒಂದೇ: ಗೋಡೆ ತಿಳಿ ಬೂದು ಇರಬೇಕು, ಹೊಳಪು ಇರಬಾರದು, ಬೇರೆ ಯಾವ ಬಣ್ಣದ ಸುಳಿವೂ ಬೇಡ, ಇದ್ದರೆ ಅದು ಕೂತವರ ಮುಖದ ಮೇಲೆ ಬೀಳುತ್ತದೆ.

"ಅಂಗಡೀಲಿ ಬಣ್ಣದ ಕಾರ್ಡ್ ನೋಡಿ ಮಿಷನ್ನಲ್ಲಿ ಮಾಡಿಕೊಡ್ತಾರಪ್ಪ," ಎಂದಳು.

"ಕಾರ್ಡ್ ನೋಡಿ ಬಣ್ಣ ಮಾಡೋಕೆ ನಾನೇನು ನಿನ್ನೆ ಬ್ರಷ್ ಹಿಡಿದವನಾ?"

ಅಪ್ಪ ಬಿಳಿಗೆ ಕಪ್ಪು ಬೆರೆಸಿದ. ಕೋಲಾಡಿಸಿ ನೋಡಿದ, ಹಣೆ ಗಂಟಿಕ್ಕಿದ. "ಯಾಕೋ ಹಳದಿ ಹೊಡೀತಿದೆ," ಎಂದು ಒಂದು ತೊಟ್ಟು ನೀಲಿ ಬಿಟ್ಟ. ಮತ್ತೆ ನೋಡಿ ಇನ್ನೊಂದು ತೊಟ್ಟು. ಬಳಿಯುವಾಗ ಗೋಡೆ ಸ್ವಲ್ಪ ನೀಲಿಯೆನಿಸಿತು ದೊಡ್ಡವಳಿಗೆ. ಒಣಗಿದರೆ ಸರಿಹೋಗುತ್ತದೆ ಎಂದುಕೊಂಡು ಸುಮ್ಮನಾದಳು. ಆ ಊರಿನ ಅರ್ಧ ಗೋಡೆಗಳು ಅಪ್ಪನ ಕೈಯವೇ ಆಗಿದ್ದವು.

ಮೊದಲ ಗಿರಾಕಿ ಬೇಕರಿಯವನ ಹೆಂಡತಿ. ಹಾಲುಗಲ್ಲದ ಮಗಳನ್ನು ಎತ್ತಿಕೊಂಡು ಬಂದಿದ್ದಳು. ಮಗು ಚೆನ್ನಾಗಿ ನಕ್ಕಿತು. ಆದರೆ ಫೋಟೋ ಕೈಗೆ ಬಂದಾಗ ತಾಯಿಯ ಮುಖದಲ್ಲಿದ್ದ ನಗು ಹೋಯಿತು.

"ಇದೇನಕ್ಕ, ನನ್ನ ಮಗು ಉಸಿರು ಕಟ್ಟಿದ ಹಾಗೆ ಕಾಣ್ತಿದೆ!"

ದೀಪದ ಬೆಳಕು ಬಿದ್ದ ಕೆನ್ನೆ ಕೆಂಪಗೇ ಇತ್ತು. ಗೋಡೆಯ ಕಡೆಗಿದ್ದ ಕೆನ್ನೆ, ತುಟಿಯ ಅಂಚು, ಪುಟ್ಟ ಕಿವಿ ಎಲ್ಲ ನೀಲಿ. ಕಂಪ್ಯೂಟರಿನಲ್ಲಿ ನೀಲಿ ತೆಗೆದರೆ ಇತ್ತ ಕೆಂಪು ಕೆನ್ನೆ ಅರಿಶಿನ ಬಳಿದಂತಾಯಿತು. ಬೇಕರಿಯವನ ಹೆಂಡತಿ ಫೋಟೋ ಅಲ್ಲೇ ಬಿಟ್ಟು ಎದ್ದು ಹೋದಳು.

"ನನ್ನ ಲೈಟಿನ ಮೇಲೆ ಹಾಕಬೇಡ," ಎಂದ ತಮ್ಮ. ಅವನು ಬಲ್ಬು ಬದಲಿಸಿಯೂ ನೋಡಿದ. ಕೊನೆಗೆ ದೊಡ್ಡವಳು ಹೊಸ ಕಟ್ಟಿನಿಂದ ಬಿಳಿ ಹಾಳೆ ತೆಗೆದು ಗೋಡೆಗೆ ಹಿಡಿದಳು. ಹಾಳೆಯ ಪಕ್ಕದಲ್ಲಿ ಗೋಡೆ ಆಕಾಶದ ಹಾಗಿತ್ತು.

ಅಪ್ಪನನ್ನು ಕರೆದಳು. "ಎರಡೂ ನೋಡಪ್ಪ. ಏನನ್ಸುತ್ತೆ?"

ಅಪ್ಪ ಹತ್ತಿರ ಬಂದು ನೋಡಿದ. "ಗೋಡೆ ಸರಿಯಾಗೇ ಇದೆಯಲ್ಲೇ. ನಿನ್ನ ಹಾಳೆ ಹಳೇದು, ಹಳದಿ ತಿರುಗಿದೆ."

ಆಗಷ್ಟೇ ಒಡೆದ ಕಟ್ಟಿನದು ಅದು. ಹಾಳೆ ಹಿಡಿದ ಕೈಯನ್ನು ಮೆಲ್ಲಗೆ ಇಳಿಸಿ, "ಹೌದು, ಹಳೇದು," ಎಂದುಬಿಟ್ಟಳು.

ಅಡುಗೆಮನೆಗೆ ಹೋಗಿ, ಅಪ್ಪನ ಕಣ್ಣಿಗೆ ಬಣ್ಣ ಸರಿಯಾಗಿ ಕಾಣುತ್ತಿಲ್ಲವೆಂದು ಅಮ್ಮನಿಗೆ ಹೇಳಿದಳು. ಅಮ್ಮ ಒಲೆ ಸಣ್ಣಗೆ ಮಾಡಿ ಬಾಗಿಲ ಕಡೆ ನೋಡಿದಳು. "ಮೊನ್ನೆ ನೀಲಿ ದಾರ ತನ್ನಿ ಅಂದ್ರೆ ಕಪ್ಪು ತಂದ್ರು. ಮರೆವು ಅಂದ್ಕೊಂಡೆ ಕಣೆ." ಆಮೇಲೆ ದನಿ ತಗ್ಗಿಸಿ, "ಹೇಳಬೇಡ. ಗೋಡೆಗೆ ಪರದೆ ಹೊಲಿದುಕೊಡ್ತೀನಿ, ಮುಚ್ಚಿಬಿಡು. ಆ ಒಂದು ಜಂಭ ಬಿಟ್ಟರೆ ಅವರ ಹತ್ರ ಇನ್ನೇನಿದೆ?"

"ಸೋಮವಾರ ಅಪ್ಪ ಬಟ್ಟೆ ಅಂಗಡಿಯವರ ಹೊಸ ಮನೆಗೆ ಬಣ್ಣ ಹೊಡೆಯೋಕೆ ಹೋಗ್ತಿದ್ದಾರಲ್ಲಮ್ಮ. ಅಷ್ಟು ದೊಡ್ಡ ಮನೆ. ಅದಕ್ಕೂ ಪರದೆ ಹೊಲೀತೀಯಾ?"

ಅಮ್ಮ ಒಲೆಯ ಕಡೆ ತಿರುಗಿ ಉರಿ ಮತ್ತೆ ದೊಡ್ಡದು ಮಾಡಿದಳು.

ಆ ಎರಡು ದಿನ ದೊಡ್ಡವಳು ಅಪ್ಪನ ಕಣ್ಣು ತಪ್ಪಿಸಿ ಓಡಾಡಿದಳು. ಹೇಳಿದರೆ ಅಪ್ಪನ ಕೆಲಸ ಅವಳೇ ಕಿತ್ತುಕೊಂಡ ಹಾಗೆ. ಹೇಳದಿದ್ದರೆ ಬಟ್ಟೆ ಅಂಗಡಿಯವರು ನಾಲ್ಕು ಜನರ ಮುಂದೆ ಹೇಳುತ್ತಾರೆ. ಭಾನುವಾರ ಅಪ್ಪ ಅಂಗಳದಲ್ಲಿ ಕೂತು ಬ್ರಷ್ಷುಗಳನ್ನು ತೊಳೆಯತೊಡಗಿದಾಗ ಅವಳು ಇನ್ನು ತಡೆಯಲಾಗದೆ ಹೇಳಿದಳು. ಮಗುವಿನ ಫೋಟೋ ತೋರಿಸಿದಳು, ಹಾಳೆಯ ಕಟ್ಟು ಮುಂದಿಟ್ಟಳು.

"ನಿನ್ನ ಕ್ಯಾಮೆರಾ ಕೆಟ್ಟಿದೆ!" ಅಪ್ಪ ಗುಡುಗಿದ. "ಬಿಟ್ಟಿ ಸಿಕ್ಕಿದ್ದು, ಇನ್ನೇನಾಗುತ್ತೆ? ಅದನ್ನ ಬಿಟ್ಟು ನನಗೆ ಬಣ್ಣ ಹೇಳಿಕೊಡೋಕೆ ಬಂದ್ಲು!"

ಅವಳು ಕಣ್ಣು ತುಂಬಿ ಬಂದದ್ದನ್ನು ಒರೆಸಿಕೊಳ್ಳಲಿಲ್ಲ. ಅಪ್ಪ ಅವಳನ್ನೇ ನೋಡಿದ. ಆಮೇಲೆ ಕಟ್ಟಿನಿಂದ ತಾನೇ ಒಂದು ಹಾಳೆ ಎಳೆದುಕೊಂಡು ಕೋಣೆಗೆ ಹೋಗಿ ಎಲ್ಲ ದೀಪ ಹಾಕಿದ. ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದು ಮುಚ್ಚಿ ನೋಡಿದ. ಗಿರಾಕಿಗಳಿಗೆಂದು ಇಟ್ಟಿದ್ದ ಸ್ಟೂಲಿನ ಮೇಲೆ ಕುಸಿದು ಕೂತ.

"ಇದು ನಿಜವಾಗ್ಲೂ ಹೊಸ ಹಾಳೆನಾ?"

"ಹೂಂನಪ್ಪ."

"ಹೋದ ವರ್ಷ ಬಳಿದ ಶಾಲೆ? ಆ ವಕೀಲರ ಮನೆ? ಅದೆಲ್ಲ ಹೇಗಿದೆ?" ಅವನ ದನಿ ಅವಳು ಯಾವತ್ತೂ ಕೇಳದಷ್ಟು ಸಣ್ಣಗಿತ್ತು. "ಯಾರಾದ್ರೂ ಏನಾದ್ರೂ ಅಂದಿದ್ದು ಕೇಳಿದೀಯಾ? ನಿಜ ಹೇಳು."

ಅವಳು ಆ ಗೋಡೆಗಳನ್ನು ಸರಿಯಾಗಿ ನೋಡಿಯೇ ಇರಲಿಲ್ಲ. "ಇಲ್ಲಪ್ಪ," ಎಂದದ್ದು ನಿಜವೇ ಆಗಿತ್ತು. ಅಪ್ಪ ಅದನ್ನು ನಂಬಿದಂತೆ ಕಾಣಲಿಲ್ಲ.

ಸಂಜೆ ಅವನು ಬಟ್ಟೆ ಅಂಗಡಿಯವರಿಗೆ ಫೋನ್ ಮಾಡಿದ್ದು ಎಲ್ಲರಿಗೂ ಕೇಳಿಸಿತು. "ಮಂಡಿ ಹಿಡಿದುಕೊಂಡಿದೆ ಸ್ವಾಮಿ, ಏಣಿ ಹತ್ತೋಕಾಗಲ್ಲ. ಬೇರೆಯವರಿಗೆ ಹೇಳಿ." ಬಾಗಿಲಲ್ಲಿ ನಿಂತಿದ್ದ ತಮ್ಮ ಏನೋ ಹೇಳಹೊರಟ. ಅಮ್ಮ ಅವನ ಅಂಗಿ ಹಿಡಿದು ಒಳಗೆಳೆದುಕೊಂಡಳು.

ಅಂಗಡಿಯಲ್ಲಿ ಬೆರೆಸಿದ ಬೂದು ಬಣ್ಣವನ್ನು ತಮ್ಮ ತಂದ. ಅಪ್ಪನೇ ಬಳಿದ. ಎಲ್ಲೂ ಒಂದು ಗೆರೆ ಕಾಣದಂತೆ, ಮೂಲೆಗಳಲ್ಲಿ ಕೈ ನಿಲ್ಲಿಸಿ, ಮೊದಲಿಗಿಂತ ಚೆನ್ನಾಗಿ ಬಳಿದ. ಡಬ್ಬದೊಳಕ್ಕೆ ಮಾತ್ರ ಒಮ್ಮೆಯೂ ಇಣುಕಿ ನೋಡಲಿಲ್ಲ. ದೊಡ್ಡವಳು ಬೇಕರಿಗೆ ಹೋಗಿ ಕೈಮುಗಿದು ಕರೆದಳು. ಈ ಸಲ ಮಗುವಿನ ಎರಡೂ ಕೆನ್ನೆ ಒಂದೇ ಬಣ್ಣಕ್ಕೆ ಬಂದವು. ಬೇಕರಿಯವನ ಹೆಂಡತಿ ಫೋಟೋ ಎದೆಗೊತ್ತಿಕೊಂಡು ಹೋದಳು. ಮನೆಯಲ್ಲಿ ಯಾರೂ ಹಿಗ್ಗಲಿಲ್ಲ.

ಆ ವಾರವೇ ಅವಳು ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟಳು. ದಾರಿ ಬಟ್ಟೆ ಅಂಗಡಿಯವರ ಹೊಸ ಮನೆಯ ಮುಂದೆಯೇ ಹೋಗುತ್ತಿತ್ತು. ಅಲ್ಲಿ ಯಾರೋ ಬೇರೆಯವರು ಏಣಿಯ ಮೇಲಿದ್ದರು. ಮನೆ ಯಜಮಾನರು ಗೇಟಿನ ಬಳಿ ನಿಂತಿದ್ದರು.

ಅದುವರೆಗೆ ಬಿರಬಿರನೆ ನಡೆಯುತ್ತಿದ್ದ ಅಪ್ಪ ತಟಕ್ಕನೆ ಮಗಳ ಭುಜ ಹಿಡಿದು ಕಾಲು ಎಳೆಯತೊಡಗಿದ.

"ಮಂಡಿ ಹೇಗಿದೆ ಪೇಂಟ್ರೇ?" ಎಂದು ಯಜಮಾನರು ಕೂಗಿದರು.

"ಹಾಗೇ ಇದೆ ಸ್ವಾಮಿ. ಅದಕ್ಕೇ ಆಸ್ಪತ್ರೆಗೆ ಹೊರಟಿದ್ದೀವಿ," ಎಂದು ದೊಡ್ಡವಳೇ ಉತ್ತರ ಕೊಟ್ಟಳು. ಅಪ್ಪನ ಭಾರವನ್ನೆಲ್ಲ ಹೊತ್ತವಳಂತೆ ಅವಳೂ ಒಂದು ಬದಿಗೆ ವಾಲಿ ನಡೆದಳು. ಬೀದಿಯ ತಿರುವು ದಾಟಿದ ಮೇಲೂ ಅಪ್ಪ ಕುಂಟುತ್ತಲೇ ಇದ್ದ.