ಅಕ್ಕ ಕಟ್ಟಿದ ಆಂಟೆನಾ

ಅಕ್ಕನ ಎಡಗೈ ಹೆಬ್ಬೆರಳ ತುದಿಯಲ್ಲಿ ತಂತಿ ಬೆಸೆಯುವ ಸೋಲ್ಡರಿಂಗ್ ಕಡ್ಡಿ ಸುಟ್ಟ ಕಪ್ಪು ಕಲೆಗಳಿದ್ದವು. ಅದೇ ಬೆರಳಿನಿಂದ ನೀರುದೋಸೆಯ ಅಂಚು ಎಬ್ಬಿಸುತ್ತಿದ್ದರು. ಡೊಂಬಿವಲಿಯಲ್ಲಿ ನಮ್ಮ ಪಕ್ಕದ ಮನೆ ಅವರದು. ಉಡುಪಿ ಕಡೆಯವರು, ಟೆಲಿಫೋನ್ ಕೆಲಸದಿಂದ ನಿವೃತ್ತರಾದ ಒಂಟಿ ಜೀವ, ಮನೆಯ ರೇಡಿಯೋದಿಂದಲೇ ದೂರದವರೊಡನೆ ಮಾತಾಡುವ, ಲೈಸೆನ್ಸ್ ಪಡೆದ ಹವ್ಯಾಸಿ. ವಿಜಯಪುರದಿಂದ ಮದುವೆಯಾಗಿ ಬಂದ ನನಗೆ ಆ ಬಿಲ್ಡಿಂಗಿನಲ್ಲಿ ಮೊದಲು ಕಿವಿಗೆ ಬಿದ್ದ ಕನ್ನಡ ಅವರದೇ.

ಊರಿನಲ್ಲಿದ್ದ ಅವರ ತಮ್ಮನಿಗೂ ಅದೇ ಹುಚ್ಚು. ಗಂಟಲಿನ ಆಪರೇಷನ್ನಿನಲ್ಲಿ ತಮ್ಮನ ದನಿ ಹೋಗಿತ್ತು. ಫೋನಿನಲ್ಲಿ ಮಾತಾಡಲಾರರು, ದಿನಾ ಬೆಳಿಗ್ಗೆ ರೇಡಿಯೋದಲ್ಲಿ ಮೋರ್ಸ್ ಕೀ ಕುಟ್ಟಿ, ಒಂದೊಂದು ಅಕ್ಷರಕ್ಕೂ ಗಿಡ್ಡ-ಉದ್ದ ಪೀಂ ಸದ್ದು ಕಳಿಸಿ, "ಚಾ ಆಯ್ತಾ ಅಕ್ಕಾ?" ಎಂದು ಶುರುಮಾಡಿ ಅಕ್ಕನೊಡನೆ ಹರಟುತ್ತಿದ್ದರು.

"ಎಸ್ಸೆಮ್ಮೆಸ್ ಕಳಸಬಾರದೇನ್ರಿ ಅಕ್ಕಾ?" ಎಂದು ಕೇಳಿದ್ದೆ.

"ಅದು ಯಾರು ಬರೆದ್ರೂ ಒಂದೇ ಮಾರಾಯ್ತಿ. ಕುಟ್ಟುದ್ರಲ್ಲಿ ಅವನ ನಗು ಸಹ ಗೊತ್ತಾಗ್ತದೆ."

ಎದುರಿನ ಹೊಸ ಕಟ್ಟಡದ ಲಿಫ್ಟ್ ಶುರುವಾದದ್ದೇ ತಡ, ರೇಡಿಯೋ ತುಂಬ ಗರಗರ ಸದ್ದು. ತಮ್ಮ ಕುಟ್ಟಿದ್ದು ಅದರಲ್ಲಿ ಮುಳುಗಿಯೇ ಹೋಯಿತು. ಅಕ್ಕನಿಗೆ ಊಟ ಸೇರದಾಯಿತು. ಕೊನೆಗೆ ಪ್ಲಂಬರ್ ಬಿಟ್ಟುಹೋದ ಪಿವಿಸಿ ಪೈಪುಗಳನ್ನು ಕತ್ತರಿಯಾಗಿ ಕಟ್ಟಿ, ನಾಲ್ಕು ತುದಿಗಳ ಸುತ್ತ ತಾಮ್ರದ ತಂತಿ ಸುತ್ತಿ, ಚೌಕದ ಆಂಟೆನಾ ಮಾಡಿದರು. ಬಾಲ್ಕನಿಯಲ್ಲಿ ಅದನ್ನು ತಿರುಗಿಸುವ ಕೆಲಸ ನನಗೆ. ನಾನು ಮಹಾ ಜಾಣೆಯಂತೆ ಅದರ ಮುಖವನ್ನು ಅವರ ಊರಿನ ದಿಕ್ಕಿಗೆ ಹಿಡಿದೆ. ಗರಗರ ಇನ್ನೂ ಜೋರಾಯಿತು.

"ಅವನ ಕಡೆ ಅಲ್ಲ, ಲಿಫ್ಟಿನ ಕಡೆ ಮುಖ ಮಾಡು! ಇದಕ್ಕೆ ಎದುರು ಇದ್ದದ್ದೇ ಕೇಳುದಿಲ್ಲ, ನಿನ್ನ ಗಂಡನ ಹಾಗೆ!"

ನಗು ತಡೆದುಕೊಂಡು ಮೆಲ್ಲಗೆ ತಿರುಗಿಸಿದೆ. ಸದ್ದು ಅಡಗಿತು. ಅದರ ಹಿಂದಿನಿಂದ ತಮ್ಮನ ಪೀಂ ಪೀಂ ಸಣ್ಣಗೆ ಕೇಳಿಸಿತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆ ಕುಟ್ಟುವ ಭಾಷೆಯನ್ನು ನನಗೂ ಕಲಿಸಿದರು, ತಪ್ಪಿದಾಗಲೆಲ್ಲ ತಲೆಗೆ ಮೊಟಕಿ.

ಕೆಲವು ವರ್ಷಗಳ ನಂತರ ಅಕ್ಕ ನಿದ್ದೆಯಲ್ಲೇ ತೀರಿಕೊಂಡರು. ಅವರ ಮನೆಯ ಬೀಗದ ಕೈ ನನ್ನಲ್ಲಿತ್ತು. ಒಂದು ಬೆಳಿಗ್ಗೆ ಹೋಗಿ ರೇಡಿಯೋ ಹಾಕಿದೆ. ಸಾವಿನ ಸುದ್ದಿ ತಿಳಿದಿದ್ದೂ ತಮ್ಮ ಅಕ್ಕನನ್ನೇ ಕರೆಯುತ್ತಿದ್ದರು. ಕರೆದು, ಸ್ವಲ್ಪ ಕಾದು, ಮತ್ತೆ ಕರೆಯುತ್ತಿದ್ದರು. ಕೇಳಲು ಯಾರ ಅಪ್ಪಣೆಯೂ ಬೇಡ. ಉತ್ತರಿಸಲು ಲೈಸೆನ್ಸ್ ಬೇಕು, ನನ್ನಲ್ಲಿರಲಿಲ್ಲ. ದಿನಾ ಹೋಗಿ ಕೂತು ಕೇಳಿ ಕಣ್ಣೀರು ಹಾಕಿದೆ. ಆಮೇಲೆ ಹಟ ಹಿಡಿದು ಪರೀಕ್ಷೆ ಬರೆದೆ.

ಲೈಸೆನ್ಸ್ ಬಂದ ಮೇಲೆ, ಅಕ್ಕನ ಕೀಯಲ್ಲೇ ಕುಟ್ಟಿದೆ: "ಅಣ್ಣಾ, ನಾ ಅಕ್ಕನ ಪಕ್ಕದ ಮನಿಯಾಕಿ. ನೀವು ಕರೆದದ್ದು ದಿನಾ ಕೇಳಸ್ತಿತ್ತು."

ಉತ್ತರ ಒಂದೊಂದೇ ಅಕ್ಷರವಾಗಿ ಬಂತು: "ಚಾ ಆಯ್ತಾ ತಂಗೀ?"